ಟೈಮಪ್ಪನ ಮನೆ ಹಣ್ಣು

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಟೈಮಪ್ಪ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೇನೋ ಇತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ. ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ಗಂಟೆಗೆ ಬಂದಿತು ಎಂದು ಬರೆದುಕೊಳ್ಳುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೊಂದೇ ಕೆಲಸ. ತಡವಾಗಿ ಬಂದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಎರಡೇ ನಿಮಿಷ ಟೈಮಪ್ಪ, ಹೊಟ್ಟೆಗೆ ಹಾಕ್ಕೊಂಡ್ಬಿಡು" ಎಂದರೆ, "ನನ್ನ ಹೊಟ್ಟೆ ಚಿಕ್ಕದು" ಎಂದು ಆ ಎರಡು ನಿಮಿಷವನ್ನೂ ಬರೆದಿಡುತ್ತಿದ್ದ. ಇಂಥವರಿಗೆ ಸ್ನೇಹಿತರು ಇರುವುದಿಲ್ಲ. ಅವನಿಗೂ ಇರಲಿಲ್ಲ.

ಮನೆಯಲ್ಲಿಯೂ ಯಾರೂ ಇರಲಿಲ್ಲ. ಮದುವೆ ಆಗಬೇಕು ಎಂದುಕೊಳ್ಳುವಷ್ಟರಲ್ಲಿ ವಯಸ್ಸು ಮುಂದೆ ಹೋಗಿತ್ತು. ಅಮ್ಮ ಇರುವವರೆಗೆ ಅದೊಂದು ಕೊರತೆ ಎಂದು ಅನಿಸಿರಲಿಲ್ಲ. ಅಮ್ಮ ಹೋದ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಹತ್ತು ಹೆಜ್ಜೆ ಉದ್ದದ ಹಿತ್ತಲು, ಆ ಹಿತ್ತಲಿನಲ್ಲಿ ವರ್ಷಕ್ಕೆ ನಾಲ್ಕು ಟೊಮೆಟೊ ಗಿಡ, ಇಷ್ಟು ಅವನ ಪಾಲಿಗೆ ಉಳಿದವು.

ಟೊಮೆಟೊ ಎಂದರೆ ಅಂಗಡಿಯಲ್ಲಿ ಸಿಗುವ ಉರುಟು ಕೆಂಪು ಚೆಂಡಲ್ಲ. ಕಂದು ಬೆರೆತ ಕೆಂಪು, ಮೈಯೆಲ್ಲ ಮಡಿಕೆ, ತೊಟ್ಟಿನ ಹತ್ತಿರ ಹಸಿರು ಬಿಡದ ಹಣ್ಣು. ಒಂದೇ ಗಿಡದಲ್ಲಿ ಒಂದು ಚಪ್ಪಟೆ, ಒಂದು ಉದ್ದ, ಇನ್ನೊಂದು ಯಾರೋ ಗುದ್ದಿದ ಹಾಗೆ ಸೊಟ್ಟ. ರೂಪಕ್ಕೆ ಬಹುಮಾನ ಕೊಡುವುದಾದರೆ ಕೊನೆಯದೂ ಸಿಗುವುದಿಲ್ಲ. ಆದರೆ ಒಮ್ಮೆ ಬಾಯಿಗಿಟ್ಟವರು ಮತ್ತೆ ಅಂಗಡಿಯದನ್ನು ನೋಡಿ ಮೂಗು ಮುರಿಯುತ್ತಿದ್ದರು. ಅದಕ್ಕೊಂದು ಹೆಸರೂ ಇರಲಿಲ್ಲ. ಮನೆಯವರು 'ಮನೆ ಹಣ್ಣು' ಎನ್ನುತ್ತಿದ್ದರು, ಅಷ್ಟೆ. ಬೇರೆ ಯಾರಲ್ಲಿಯೂ ಅದು ಇರಲಿಲ್ಲವಾದ್ದರಿಂದ ಬೇರೆ ಹೆಸರು ಬೇಕಾಗಿಯೂ ಇರಲಿಲ್ಲ.

ಬೇರೆಯವರಲ್ಲಿ ಇರದಂತೆ ನೋಡಿಕೊಂಡವಳು ಅಮ್ಮನೇ. ಅವಳಿಗೆ ಮೂರು ನಿಯಮಗಳಿದ್ದವು. ಮೊದಲನೆಯದು, ಬೀಜವನ್ನು ಹೊರಗಿನವರಿಗೆ ಕೊಡಬಾರದು. ಎರಡನೆಯದು, ಇಟ್ಟ ಬೀಜವನ್ನೆಲ್ಲ ಆ ವರ್ಷವೇ ಬಿತ್ತಬೇಕು, ಡಬ್ಬಿಯಲ್ಲಿ ಹಳೆಯದು ಕೂರಬಾರದು. ಹಾಗೆ ಬಿತ್ತಿ ಎದ್ದ ಸಸಿಗಳಲ್ಲಿ ನಾಲ್ಕು ಗಟ್ಟಿಯವನ್ನು ಇಟ್ಟು ಮಿಕ್ಕಿದ್ದನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಇನ್ನು ಮೂರನೆಯದು, ಬೀಜಕ್ಕೆ ಹಣ್ಣನ್ನು ಕಣ್ಣಿನಿಂದ ಆರಿಸಬಾರದು, ನಾಲಿಗೆಯಿಂದ ಆರಿಸಬೇಕು. ಅಮ್ಮ ಚಾಕುವಿನಿಂದ ಒಂದು ತೆಳು ಹೋಳು ಕೊಯ್ದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. 'ಹ್ಞೂಂ' ಎಂದರೆ ಉಳಿದ ಹಣ್ಣಿನ ಬೀಜ, ಲೋಳೆ ಸಮೇತ, ನೀರಿನ ಲೋಟಕ್ಕೆ. ಏನೂ ಅನ್ನದಿದ್ದರೆ ಸಾರಿನ ಪಾತ್ರೆಗೆ. ಲೋಟ ಮೂರು ದಿನ ಕಿಟಕಿಯಲ್ಲಿ ಕೂತು, ಮೇಲೆ ಬಿಳಿ ಪದರ ಕಟ್ಟಿ, ಮನೆಯೆಲ್ಲ ಕೊಳೆತ ವಾಸನೆ ಹಬ್ಬಿಸುತ್ತಿತ್ತು. ಆಮೇಲೆ ಚಹಾ ಸೋಸುವ ಜರಡಿಯಲ್ಲಿ ತೊಳೆದು, ಪಿಂಗಾಣಿ ತಟ್ಟೆಯ ಮೇಲೆ ಒಣಗಿಸುವುದು. ಕಾಗದದ ಮೇಲೆ ಹರವಿದರೆ ಅಂಟಿಕೊಂಡು ಪ್ರಾಣ ತಿನ್ನುತ್ತವೆ.

ಅಮ್ಮ ತೀರಿಕೊಂಡ ತಿಂಗಳಲ್ಲೇ ಅಕ್ಕ ಬಂದಿದ್ದಳು. ಅವಳು ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಊರಿನ ಇನ್ನೊಂದು ತುದಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ, ಜಿಪ್ ಹಾಕಿಕೊಡುವ ಕೆಲಸ. ಅಮ್ಮನ ಸೀರೆ, ಪಾತ್ರೆ ಏನನ್ನೂ ಕೇಳಲಿಲ್ಲ. ಒಂದು ಖಾಲಿ ಲಕೋಟೆ ಮುಂದೆ ಹಿಡಿದು, "ಮನೆ ಹಣ್ಣಿನ ಬೀಜ ಒಂದು ಚಿಟಿಕೆ ಕೊಡೋ" ಎಂದಳು.

ಅವನು ಕೊಡಲಿಲ್ಲ. "ಬೀಜ ಮನೆಯಿಂದ ಆಚೆ ಹೋಗಬಾರ್ದು ಅಂತ ಅಮ್ಮ ಹೇಳಿದ್ಲಲ್ಲ" ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೂ ಸಾಕಾಗಿತ್ತು. "ನೀನು ಬೇರೆ ಮನೆಗೆ ಹೋದವಳು" ಎಂದೂ ಸೇರಿಸಿದ. ಅಕ್ಕ ಲಕೋಟೆಯನ್ನು ಎರಡಾಗಿ ಮಡಿಸಿ, ಮತ್ತೆ ನಾಲ್ಕಾಗಿ ಮಡಿಸಿ, ಕೈಚೀಲದಲ್ಲಿಟ್ಟುಕೊಂಡು ಹೊರಟುಹೋದಳು.

ಯಾಕೆ ಹಾಗೆ ಅಂದನೋ. ಅಮ್ಮನದು ಎನ್ನುವುದು ಒಂದಾದರೂ ತನ್ನೊಬ್ಬನದೇ ಆಗಿರಲಿ ಎಂಬ ಆಸೆ ಇದ್ದಿರಬಹುದು. ದುಃಖದಲ್ಲಿ ಇದ್ದವರು ಜಿಪುಣರಾಗುತ್ತಾರೆ. ಆರು ತಿಂಗಳ ನಂತರ ಒಂದು ಮಧ್ಯಾಹ್ನ, ಗಾಜಿನ ಗೂಡಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಒಂದು ಸಣ್ಣ ವಿಷಯ ಅವನ ತಲೆಗೆ ಹೊಳೆಯಿತು. ಅಮ್ಮನಿಗೆ ಆ ಬೀಜ ಬಂದದ್ದು ಅಜ್ಜಿಯಿಂದ. ಅಮ್ಮ ಮದುವೆಯಾಗಿ ಬರುವಾಗ ಅಜ್ಜಿ ಕೊಟ್ಟು ಕಳಿಸಿದ್ದು. ಅಂದರೆ ಅದು ಬೇರೆ ಮನೆಗೆ ಹೋದವಳ ಕೈಹಿಡಿದೇ ಬಂದ ಬೀಜ. ಅವನು ಡಬ್ಬಿಯ ಮುಚ್ಚಳ ಮತ್ತೆ ಹಾಕಿದ.

ಆಗಲೇ ಎದ್ದು ಹೋಗಬಹುದಿತ್ತು. ಅಕ್ಕನ ಮನೆಯ ಕಡೆಗೆ ಹೋಗುವುದು ಹದಿನಾಲ್ಕನೇ ನಂಬರಿನ ಬಸ್ಸು, ಕೊನೆಯ ನಿಲ್ದಾಣ. ದಿನಕ್ಕೆ ಇಪ್ಪತ್ತೆರಡು ಸಲ ಆ ಬಸ್ಸು ಅವನ ಮೂಗಿನ ಮುಂದೆಯೇ ಹೊರಡುತ್ತಿತ್ತು. ಇಪ್ಪತ್ತೆರಡು ಸಲವೂ ಅದರ ಸಮಯ ಬರೆದ. ಅಮ್ಮ ಹೋದ ಮೇಲಿನ ಒಂಬತ್ತು ವರ್ಷದಲ್ಲಿ ಒಂದು ಸಲವೂ ಹತ್ತಲಿಲ್ಲ. ಮೊದಲು ಮುಖವಿರಲಿಲ್ಲ, ಆಮೇಲೆ, ಇಷ್ಟು ದಿನ ಹೋಗದೆ ಈಗ ಹೋದರೆ ಏನೆಂದುಕೊಂಡಾಳು ಎಂಬ ಸಂಕೋಚ, ಆ ಸಂಕೋಚಕ್ಕೂ ವಯಸ್ಸಾಗುತ್ತ ಬಂದು ಕೊನೆಗೆ ಅದು ಅಭ್ಯಾಸವೇ ಆಯಿತು.

ಮೂರು ವರ್ಷದ ಹಿಂದೆ ಅವನಿಗೆ ಒಂದು ವಾರ ಜ್ವರ ಬಂತು. ಜ್ವರ ಹೋಗುವಾಗ ವಾಸನೆ ತಿಳಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಅದು ಗೊತ್ತಾದದ್ದು ಹಿತ್ತಲಿನಲ್ಲಿ. ಟೊಮೆಟೊ ಗಿಡದ ಕಂಕುಳಲ್ಲಿ ಏಳುವ ಬೇಡದ ಚಿಗುರನ್ನು ಚಿವುಟಿದರೆ ಬೆರಳಿಗೆ ಹಸಿರು ಬಣ್ಣ ಅಂಟಿ ಒಂದು ಘಾಟು ವಾಸನೆ ಹಿಡಿಯುತ್ತದೆ. ಸೋಪು ಹಾಕಿ ತಿಕ್ಕಿದರೂ ಸಂಜೆಯವರೆಗೆ ಬಿಡುವುದಿಲ್ಲ. ಆ ದಿನ ಬೆರಳು ಹಸಿರಾಗಿತ್ತು, ವಾಸನೆ ಇರಲಿಲ್ಲ. ಮೂಗಿಗೆ ಹತ್ತಿರ ತಂದ, ಮೂಗಿಗೆ ಒತ್ತಿಯೇ ನೋಡಿದ, ಇಲ್ಲ. ನಾಲಿಗೆಗೆ ಹುಳಿ, ಸಿಹಿ, ಉಪ್ಪು ಎಂದು ಮೂರು ಮಾತು ತಿಳಿಯುತ್ತಿತ್ತು, ರುಚಿ ಎನ್ನುವುದು ತಿಳಿಯುತ್ತಿರಲಿಲ್ಲ. ತಾನಾಗಿಯೇ ಸರಿಹೋಗುತ್ತೆ ಎಂದ ಡಾಕ್ಟರ ಮಾತನ್ನು ನಂಬಿ ಕಾದ. ಸರಿಹೋಗಲಿಲ್ಲ.

ಆದರೂ ಪ್ರತಿ ವರ್ಷ ಬೀಜಕ್ಕೆ ಇಡುವ ದಿನ ಅಮ್ಮನ ಹಾಗೆಯೇ ಒಂದು ಹೋಳು ಕೊಯ್ದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಯಾರೂ ಇಲ್ಲದ ಅಡುಗೆಮನೆಯಲ್ಲಿ 'ಹ್ಞೂಂ' ಅನ್ನುತ್ತಿದ್ದ. ಯಾರಿಗೆ ಮೋಸ ಮಾಡುತ್ತಿದ್ದನೋ ಅವನಿಗೇ ಗೊತ್ತು.

ಪಕ್ಕದ ಮನೆಯಲ್ಲಿ ಶಾಲೆಯಿಂದ ನಿವೃತ್ತರಾದ ಡ್ರಿಲ್ ಮಾಸ್ತರು ಇದ್ದರು. ಹಿಂದಿನ ವರ್ಷ ಅವರೂ ಗೋಡೆಯ ಆಚೆ ಟೊಮೆಟೊ ಹಾಕಿದ್ದರು. ಎಲ್ಲಿಂದಲೋ ತಂದ ಬೀಜ, ಗುಂಡನೆಯ ಸಿಹಿ ಹಣ್ಣು. ಈ ವರ್ಷ ತಮ್ಮದೇ ಹಣ್ಣಿನ ಬೀಜ ಬಿತ್ತಿದ್ದರು. ಹಣ್ಣಿನ ಕಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ, ಕೈಯಲ್ಲಿ ಮಡಿಕೆ ಮಡಿಕೆಯ ಒಂದು ಕಂದು ಹಣ್ಣು ಹಿಡಿದು, ಶಾಲಾ ಮೈದಾನಕ್ಕೆ ಕೇಳುವ ದನಿಯಲ್ಲಿ ಹೇಳಿದರು:

"ನೋಡಿ ಸಾರ್, ನನ್ನ ಗಿಡದಲ್ಲಿ ನಿಮ್ಮ ಹಣ್ಣು ಬಿಟ್ಟಿದೆ. ನೀವು ಕೊಡದಿದ್ರೂ ದುಂಬಿ ಕೊಟ್ಬಿಡ್ತು." ನಕ್ಕು, ಆಮೇಲೆ ಸ್ವಲ್ಪ ಯೋಚಿಸಿ, "ಹಾಗಿದ್ರೆ ನಿಮ್ಮ ಗಿಡಕ್ಕೂ ನನ್ನದು ಸೇರಿರ್ಬೇಕಲ್ಲ?" ಎಂದರು.

ಟೈಮಪ್ಪ ತಿರುಗಿ ತನ್ನ ಗಿಡಗಳನ್ನು ನೋಡಿದ. ಈ ವರ್ಷದ ನಾಲ್ಕು ಗಿಡಗಳ ಎಲೆ ಒಂದೊಂದು ತರಹ ಇದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಬಿಸಿಲು ಕಡಿಮೆ ಆಯಿತು ಎಂದು ಸಮಾಧಾನ ಮಾಡಿಕೊಂಡಿದ್ದ. ಹಣ್ಣುಗಳೂ ಬೇರೆ ಬೇರೆ ಇದ್ದವು. ಮನೆ ಹಣ್ಣು ಎಂದಿನಿಂದಲೂ ಹಾಗೆಯೇ ಅಲ್ಲವೇ, ಒಂದರ ಮುಖ ಒಂದಕ್ಕಿಲ್ಲ. ರೂಪದಿಂದ ಹೇಳುವ ಹಾಗಿರಲಿಲ್ಲ, ರುಚಿಯಿಂದ ಹೇಳಬೇಕು. ಆ ರುಚಿ ಬಲ್ಲ ನಾಲಿಗೆ ಅವನ ಬಾಯಲ್ಲಿ ಇರಲಿಲ್ಲ. ಮಾಸ್ತರಿಗೆ ತಿನ್ನಿಸಿ ಕೇಳೋಣವೆಂದರೆ, ಇಷ್ಟು ವರ್ಷದಲ್ಲಿ ಅವರಿಗೆ ಒಂದು ಹಣ್ಣನ್ನಾದರೂ ಕೊಟ್ಟಿದ್ದರೆ ತಾನೆ.

ನಿಧಾನವಾಗಿ ಯೋಚಿಸೋಣ ಎಂದರೆ ಅದಕ್ಕೂ ಅವಕಾಶ ಸಿಗಲಿಲ್ಲ. ಮೂರು ದಿನ ಬಿಡದೆ ಮಂಜು ಸುರಿಯಿತು, ಎಲೆಗಳ ಮೇಲೆ ಕಪ್ಪು ಚುಕ್ಕೆ ಎದ್ದಿತು, ಒಂದೇ ವಾರದಲ್ಲಿ ನಾಲ್ಕೂ ಗಿಡ ಸುಟ್ಟ ಹಗ್ಗದಂತೆ ಆದವು. ಕಾಯಿಗಳೂ ಕೊಳೆತವು. ಪ್ರತಿ ಗಿಡದಲ್ಲಿ ಒಂದೊಂದರಂತೆ ನಾಲ್ಕು ಮಾತ್ರ ಚೆನ್ನಾಗಿದ್ದವು. ಅವನ್ನು ಕಿತ್ತು ತಂದು, ಒಂದರಿಂದ ನಾಲ್ಕರವರೆಗೆ ನಂಬರ್ ಬರೆದ ಚೀಟಿ ಅಂಟಿಸಿ, ಅಡುಗೆಮನೆಯ ಕಿಟಕಿಯಲ್ಲಿ ಹಣ್ಣಾಗಲು ಇಟ್ಟ. ಹಳೆಯ ಬೀಜ ಒಂದೂ ಉಳಿದಿರಲಿಲ್ಲ; ಅಮ್ಮನ ನಿಯಮದಂತೆ ಎಲ್ಲವನ್ನೂ ಬಿತ್ತಿಯಾಗಿತ್ತು. ಈ ನಾಲ್ಕರಲ್ಲಿ ಮನೆ ಹಣ್ಣು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದು ಯಾವುದು ಎಂದು ಹೇಳಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ ಇದ್ದಳು.

ಅವು ಹಣ್ಣಾದ ಮೇಲೆ, ಅವನ ವಾರದ ರಜೆಯ ದಿನ ಬೆಳಿಗ್ಗೆ ಹತ್ತು ಇಪ್ಪತ್ತರ ಹದಿನಾಲ್ಕನೇ ನಂಬರ್ ಬಸ್ಸು ಹತ್ತಿದ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಪ್ಪ, ನನ್ನ ಟೈಮು ಒಳಗಿಂದ್ಲೇ ಬರ್ಕೊಳ್ಳೋಕೆ ಬಂದ್ಯಾ?" ಎಂದು ಹಲ್ಲುಕಿರಿದ. ಟೈಮಪ್ಪ ಕಿಟಕಿಯ ಪಕ್ಕದ ಸೀಟಿಗೆ ಹೋದ. ಹಳೆಯ ಟವೆಲಿನಲ್ಲಿ ಸುತ್ತಿದ ನಾಲ್ಕು ಹಣ್ಣಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದು ಕೂತ. ಕೊನೆಯ ನಿಲ್ದಾಣಕ್ಕೆ ಮೂವತ್ತೈದು ನಿಮಿಷ ಎಂದು ಇಷ್ಟು ವರ್ಷ ಬರೆದಿದ್ದ. ಅದು ಅಷ್ಟೇ ಹತ್ತಿರ ಎಂದು ಈಗ ಗೊತ್ತಾಗಿ ನಾಚಿಕೆಯಾಯಿತು.

ಬಾಗಿಲು ತೆರೆದವಳು ಅಕ್ಕನೇ. ಕುತ್ತಿಗೆಗೆ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು, ಕೂದಲು ಪೂರ್ತಿ ಬಿಳಿ. ಗುಂಡುಪಿನ್ನು ತೆಗೆದು ಕೈಯಲ್ಲಿ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹುಷಾರಾಗಿದೀಯ ತಾನೆ? ಡಾಕ್ಟರು ಏನಾದ್ರೂ ಹೇಳಿದ್ರಾ?"

"ಇಲ್ಲಕ್ಕ. ಏನಿಲ್ಲ. ಚೆನ್ನಾಗಿದೀನಿ."

"ಹಾಗಾದ್ರೆ ಒಳಗೆ ಬಾ. ಅಲ್ಲೇ ನಿಂತ್ರೆ ಪ್ಯಾಂಟು ಬಿಗಿ ಮಾಡ್ಸೋಕೆ ಬಂದಿರೋರು ಅಂದ್ಕೋತಾರೆ."

ಭಾವ ಕೆಲಸಕ್ಕೆ ಹೋಗಿದ್ದರು. ಹೊಲಿಗೆ ಯಂತ್ರದ ಕೋಣೆ ದಾಟಿ ಅಡುಗೆಮನೆಯ ಮೇಜಿನ ಮುಂದೆ ಅವನನ್ನು ಕೂರಿಸಿ ನೀರು ಕೊಟ್ಟಳು. ಅವನು ಡಬ್ಬಿ ಬಿಚ್ಚಿದ. ಹಣ್ಣು ನೋಡಿದ ತಕ್ಷಣ ಅವಳ ಮುಖ ಗಂಟಿಕ್ಕಿತು.

"ಈಗ ಕೊಡೋಕೆ ಬಂದ್ಯಾ?"

"ಕೊಡೋಕಲ್ಲ. ರುಚಿ ನೋಡ್ಸೋಕೆ."

ಒಂಬತ್ತು ವರ್ಷದ ಮೇಲೆ ಅಕ್ಕನ ಮನೆಯಲ್ಲಿ ಕೂತು ಆಡುವ ಮಾತು ಇದಲ್ಲ. ಅದು ಅವನಿಗೂ ಗೊತ್ತಾಯಿತು, ಆದರೆ ಬಾಯಿಂದ ಆಚೆ ಬಂದಾಗಿತ್ತು. ತಪ್ಪಾಯ್ತು ಎನ್ನುವುದನ್ನು ಬಸ್ಸಿನಲ್ಲಿ ಮೂವತ್ತೈದು ನಿಮಿಷವೂ ಅಭ್ಯಾಸ ಮಾಡಿಕೊಂಡು ಬಂದಿದ್ದ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ. ಜ್ವರ, ಮೂಗು, ಮಾಸ್ತರ ಗಿಡ, ಕಪ್ಪು ಚುಕ್ಕೆ, ಉಳಿದ ನಾಲ್ಕು. ಅಕ್ಕ ಮಧ್ಯೆ ಒಂದೇ ಸಲ ಬಾಯಿ ಹಾಕಿದಳು.

"ವಾಸನೆ ಹೋಗಿ ಮೂರು ವರ್ಷ ಆಯ್ತಾ? ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಲಿ?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಹೇಳಿದಳು:

"ನಿಂಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಅದರ ರುಚಿ ನೆನಪಿಲ್ಲ ಕಣೋ. ಮೊದಮೊದಲು ಎಲ್ಲ ಅಂಗಡಿಯಿಂದ್ಲೂ ತಂದು ತಿಂದು ನೋಡ್ತಿದ್ದೆ, ಎಲ್ಲಾದ್ರೂ ಸಿಗುತ್ತೇನೋ ಅಂತ. ಒಂದೊಂದು ತಿಂದಾಗ್ಲೂ ಅದು ಇನ್ನಷ್ಟು ಮರೆತುಹೋಯ್ತು. ಈಗ ಚೆನ್ನಾಗಿತ್ತು ಅನ್ನೋದು ಮಾತ್ರ ಗೊತ್ತು. ಹೇಗಿತ್ತು ಅಂದ್ರೆ ಗೊತ್ತಿಲ್ಲ."

ಅವನು ಮೇಜಿನ ಮೇಲಿನ ಹಣ್ಣುಗಳನ್ನು ನೋಡುತ್ತ ಕೂತ. ಅವನಿಗೆ ನೆನಪಿತ್ತು, ನಾಲಿಗೆ ಇರಲಿಲ್ಲ. ಅವಳಿಗೆ ನಾಲಿಗೆ ಇತ್ತು, ನೆನಪಿರಲಿಲ್ಲ. ಅಮ್ಮ ಸತ್ತ ದಿನವೂ ಇಷ್ಟು ಒಂಟಿ ಅನ್ನಿಸಿರಲಿಲ್ಲ ಅವನಿಗೆ. ಅವತ್ತು ಅಕ್ಕನಿಗೂ ಗೊತ್ತು ಎನ್ನುವ ಒಂದು ಧೈರ್ಯ ಎಲ್ಲೋ ಇತ್ತು. ಆ ಲಕೋಟೆಗೆ ಒಂದು ಚಿಟಿಕೆ ಬೀಜ ಹಾಕಿ ಕಳಿಸಿದ್ದರೆ ಈ ಮನೆಯ ಹಿಂದೆಯೂ ನಾಲ್ಕು ಗಿಡ ಇರುತ್ತಿದ್ದವು. ಇವಳಿಗೆ ಮರೆಸಿದವನು ತಾನೇ.

"ಇಷ್ಟು ದೂರ ಬಂದಾಯ್ತಲ್ಲ," ಎಂದಳು ಅಕ್ಕ, ತಟ್ಟೆ ಚಾಕು ತಂದಿಟ್ಟು. "ಕೊಯ್ಯಿ. ತಿಂದು ನೋಡೋಣ. ಏನು ಹೋಗೋದು?"

"ತೆಳ್ಳಗೆ ಒಂದೇ ಹೋಳು ತಿನ್ನು. ಒಂದೊಂದೇ ಇರೋದು. ಬೀಜ ಉಳೀಬೇಕು."

"ಗೊತ್ತು ಮಾರಾಯ. ನಾನೂ ಅದೇ ಅಮ್ಮನ ಮಗಳು."

ಒಂದನೇ ನಂಬರ್ ತಿಂದು, "ಚೆನ್ನಾಗಿದೆ" ಎಂದಳು.

"ಚೆನ್ನಾಗಿರೋದು ಬೇಡ. ಅದೇನಾ ಹೇಳು."

"ಅದೇ ಯಾವ್ದು ಅಂತ ಗೊತ್ತಿಲ್ಲ ಅಂದ್ನಲ್ಲ."

ಎರಡನೆಯದನ್ನು ತಿಂದು ಮುಖ ಹಿಂಡಿ, "ಹುಳಿ" ಎಂದಳು. ಅವನು ಮೂರನೆಯದನ್ನು ಕೊಯ್ದ. ನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ಸೊಟ್ಟ. ಅಕ್ಕ ಹೋಳನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವುದು ನಿಂತಿತು. ಮತ್ತೆ ಅಗಿದಳು. ಅವನ ಕಡೆ ನೋಡದೆ ಕೈ ಚಾಚಿ ಉಳಿದ ಹಣ್ಣನ್ನು ತಟ್ಟೆಯಿಂದ ಎತ್ತಿಕೊಂಡಳು, ಎದ್ದಳು, ಕುತ್ತಿಗೆಯ ಟೇಪನ್ನು ಬೆನ್ನ ಹಿಂದಕ್ಕೆ ಎಸೆದು, ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ಹೋಗಿ ನಿಂತಳು. ಮೊಣಕೈಗಳನ್ನು ಎರಡು ಪಕ್ಕಕ್ಕೆ ಅಗಲಿಸಿ, ಸೊಂಟದಿಂದ ಮುಂದಕ್ಕೆ ಬಾಗಿ, ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು.

ಟೈಮಪ್ಪನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಶಾಲೆಯ ಬಿಳಿ ಅಂಗಿಗೆ ರಸ ಸುರಿದು ಕಲೆಯಾಗುತ್ತದೆ ಎಂದು ಅಮ್ಮ ಅವರಿಬ್ಬರನ್ನೂ ಹೀಗೆಯೇ ಸಿಂಕಿನ ಮುಂದೆ ಅಕ್ಕಪಕ್ಕ ನಿಲ್ಲಿಸುತ್ತಿದ್ದಳು. ಮೊಣಕೈ ಆಚೆ, ಹೊಟ್ಟೆ ಒಳಗೆ, ತಲೆ ಮುಂದೆ. ಮನೆ ಹಣ್ಣಿಗೆ ಮಾತ್ರ ಈ ಶಿಸ್ತು, ಬೇರೆ ಯಾವುದನ್ನೂ ಅವರು ಹೀಗೆ ತಿಂದವರಲ್ಲ. ಅವನಿಗೇ ಅದು ಮರೆತುಹೋಗಿತ್ತು. ತಾನು ಹೀಗೆ ನಿಂತಿದ್ದೇನೆ ಎಂದು ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅರವತ್ತರ ಹತ್ತಿರದ ಹೆಂಗಸು, ಯಾರೋ ಬೇಗ ಮುಗಿಸು ಎಂದು ಅವಸರ ಮಾಡಿದ ಹಾಗೆ, ರಸ ಹೀರುತ್ತ ತಿನ್ನುತ್ತಿದ್ದಳು. ಅವಳ ಭುಜ ಸಣ್ಣಗೆ ಅಲುಗುತ್ತಿತ್ತು.

ಇದೇ. ಅವನಿಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ಇನ್ನೂ ಅರ್ಧ ಹಣ್ಣು ಉಳಿದಿತ್ತು. ಅರ್ಧ ಹಣ್ಣೆಂದರೆ ಎಷ್ಟಿಲ್ಲವೆಂದರೂ ನೂರು ಬೀಜ. ತಟ್ಟೆಗೆ ಅಂಟಿದ್ದ ನಾಲ್ಕಾರು ಬೀಜಗಳಲ್ಲಿ ಮೂರು ಹಣ್ಣಿನದೂ ಬೆರೆತಿತ್ತು, ಯಾವುದು ಯಾವುದೆಂದು ಯಾರಿಗೂ ಹೇಳಲಾಗುವಂತಿರಲಿಲ್ಲ. 'ಅಕ್ಕ, ಬೀಜ' ಎನ್ನಲು ಅವನು ಬಾಯಿ ತೆರೆದ. ಅವಳು ಇನ್ನೊಂದು ಸಲ ಕಚ್ಚಿದಳು. ಅವನು ಬಾಯಿ ಮುಚ್ಚಿಕೊಂಡು ಚಾಕುವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ. ಕೊನೆಯ ತುಂಡು ಹೋಯಿತು. ತೊಟ್ಟಿನ ಹತ್ತಿರದ ಹಸಿರನ್ನೂ ಬಿಡಲಿಲ್ಲ ಅವಳು.

ಆಮೇಲೆ ತಿರುಗಿದಳು. ಗದ್ದದ ಮೇಲೆ ರಸ, ಕಣ್ಣಲ್ಲಿ ನೀರು. ಖಾಲಿ ಕೈಯನ್ನು ನೋಡಿಕೊಂಡಳು, ಮೇಜಿನ ಮೇಲೆ ಉಳಿದ ಒಂದು, ಎರಡು, ನಾಲ್ಕನೇ ನಂಬರ್ ಹಣ್ಣುಗಳನ್ನು ನೋಡಿದಳು. ಆಗ ಅವಳಿಗೆ ಅರ್ಥವಾಯಿತು.

"ಬೀಜಕ್ಕೆ ಅಂತ ಇಟ್ಟಿದ್ದಲ್ವೇನೋ," ಎಂದಳು, ದನಿ ಇಳಿದುಹೋಗಿತ್ತು. "ಅದೊಂದೇ ಇದ್ದಿದ್ದು. ಯಾಕೋ ಸುಮ್ನೆ ಕೂತೆ? ಅರ್ಧ ಇದ್ದಾಗ್ಲೇ ಬೇಡ ಅನ್ನಬಾರ್ದಾಗಿತ್ತಾ?"

"ಅವತ್ತು ನೀನು ಲಕೋಟೆ ಹಿಡಿದಾಗ ಒಂದ್ಸಲ ಅಂದಿದ್ದೆನಲ್ಲಕ್ಕ," ಎಂದ ಅವನು. "ಇನ್ನೊಂದ್ಸಲ ಅನ್ನೋಕಾಗ್ಲಿಲ್ಲ."

ಅಕ್ಕ ಕೈ ಕೂಡ ತೊಳೆಯದೆ ಹಾಗೆಯೇ ಬಂದು ಅವನ ಎದುರು ಕುಳಿತಳು.